ರಕ್ತಕ್ಕೆ ಕೇಳಬೇಕಾದ ಪ್ರಶ್ನೆ

"ಅಲ್ಲ ಕಣ್ಲಾ, ಅಷ್ಟೊಂದು ರಕ್ತ ತಗೊಂಡವ್ರಲ್ಲ, ಅದ್ರಲ್ಲೇ ಗೊತ್ತಾಗಕಿಲ್ವಾ?" ಗುದನಾಳದ ಕ್ಯಾನ್ಸರ್‌ಗೆ ರೇಡಿಯೇಷನ್, ಕೀಮೋ ಮುಗಿಸಿ ಕೂತಿದ್ದ ನನ್ನ ಸೋದರಮಾವ ಕೇಳಿದ್ದು. ಗಡ್ಡೆ ಪೂರ್ತಿ ಕರಗಿದ್ದರೆ ಸರಿ. ಇಲ್ಲದಿದ್ದರೆ ಆಪರೇಷನ್, ಆಮೇಲೆ ಹೊಟ್ಟೆ ಮೇಲೆ ಮಲದ ಚೀಲ, ಬದುಕಿರೋವರೆಗೂ. ರಿಪೋರ್ಟಿನಲ್ಲಿ 'ಸಿಇಎ' ಅಂತ ಒಂದು ಸಾಲಿತ್ತು. ಆ ರಾತ್ರಿ ಅದರ ಇತಿಹಾಸ ಹುಡುಕುತ್ತಾ ಕೂತೆ.

ಕಥೆ ಶುರುವಾಗೋದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್, ಕ್ಯಾನ್ಸರ್ ಗಡ್ಡೆಯಲ್ಲಿ ಮಾತ್ರ ಇರುವಂಥ ಏನಾದರೂ ಇದೆಯಾ ಅಂತ ಹುಡುಕುತ್ತಿದ್ದರು. ಒಬ್ಬರ ಗಡ್ಡೆಯನ್ನು ಇನ್ನೊಬ್ಬರ ಕರುಳಿನ ಜೊತೆ ಹೋಲಿಸಿದರೆ, ಕಂಡ ವ್ಯತ್ಯಾಸ ರೋಗದ್ದೋ ಮನುಷ್ಯರದ್ದೋ ತಿಳಿಯೋದಿಲ್ಲ. ಅದಕ್ಕೆ ಒಬ್ಬರದೇ ದೊಡ್ಡ ಕರುಳಿನ ಗಡ್ಡೆಯನ್ನೂ ಅದೇ ಕರುಳಿನ ಚೆನ್ನಾಗಿರುವ ತುಂಡನ್ನೂ ತಗೊಂಡರು. 1965ರಲ್ಲಿ ಅವರು ಪ್ರಕಟಿಸಿದ ಆ ವಸ್ತು ಗರ್ಭದಲ್ಲಿರುವ ಮಗುವಿನ ಕರುಳಲ್ಲೂ ಇತ್ತು. ಹಾಗಾಗಿ ಕ್ಯಾನ್ಸರು, ಭ್ರೂಣ ಎರಡನ್ನೂ ಸೇರಿಸಿ ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್ ಅಂತ ಹೆಸರಾಯಿತು. ಅದೇ ಸಿಇಎ.

1969ರಲ್ಲಿ ಅದನ್ನು ರಕ್ತದಲ್ಲೇ ಅಳೆಯೋ ವಿಧಾನ ಬಂತು. ಇನ್ನೇನು, ರಕ್ತ ನೋಡಿ ಕ್ಯಾನ್ಸರ್ ಹಿಡಿಯಬಹುದು ಅನ್ನೋ ಆಸೆ ಹುಟ್ಟಿತು. ಆದರೆ ಹೊಗೆ ಸೇದುವವರಲ್ಲೂ ಲಿವರ್ ಕಾಯಿಲೆ ಇರುವವರಲ್ಲೂ ಸಿಇಎ ಏರುತ್ತೆ. ಕ್ಯಾನ್ಸರ್ ಇದ್ದರೂ ಕೆಲವರಲ್ಲಿ ಏರೋದೇ ಇಲ್ಲ. ಹಾಗಂತ ವೈದ್ಯರು ಪರೀಕ್ಷೆಯನ್ನು ಬಿಡಲಿಲ್ಲ, ಪ್ರಶ್ನೆ ಬದಲಾಯಿಸಿದರು. 'ಕ್ಯಾನ್ಸರ್ ಇದೆಯಾ?' ಅನ್ನೋದರ ಬದಲು 'ಚಿಕಿತ್ಸೆಗೆ ಮುಂಚೆ ಎಷ್ಟಿತ್ತು, ಈಗೆಷ್ಟಿದೆ?' ನಾವು ಸರ್ವರ್ ಗ್ರಾಫ್ ನೋಡೋದೂ ಹೀಗೇ ಅಲ್ವಾ?

ಇನ್ನೊಂದು ಎಳೆ ಇದಕ್ಕಿಂತ ಹಳೆಯದು. 1948ರಲ್ಲೇ ಫ್ರಾನ್ಸಿನ ಮ್ಯಾಂಡೆಲ್ ಮತ್ತು ಮೆಟೈ, ರಕ್ತದ ಪ್ಲಾಸ್ಮಾದಲ್ಲಿ ಜೀವಕೋಶದಿಂದ ಹೊರಬಿದ್ದ ನ್ಯೂಕ್ಲಿಯಿಕ್ ಆಮ್ಲ ಇರುತ್ತೆ ಅಂತ ಬರೆದಿದ್ದರು. ಹೆಚ್ಚಿನವರು ಗಮನಿಸಲಿಲ್ಲ. 1977ರಲ್ಲಿ ಇನ್ನೊಂದು ತಂಡ, ಅನೇಕ ಕ್ಯಾನ್ಸರ್ ರೋಗಿಗಳಲ್ಲಿ ಇಂಥ ಡಿಎನ್ಎ ಜಾಸ್ತಿ ಇರೋದನ್ನೂ ರೇಡಿಯೇಷನ್ ಆದಮೇಲೆ ಹಲವರಲ್ಲಿ ಇಳಿಯೋದನ್ನೂ ಕಂಡಿತು. ಇವತ್ತು ಸಿಟಿಡಿಎನ್ಎ ಅನ್ನೋ ಪರೀಕ್ಷೆ ಹುಡುಕೋದು ಗಡ್ಡೆಯಿಂದ ಉದುರಿದ ಈ ಚೂರುಗಳನ್ನೇ.

ಈ ಉತ್ತರಕ್ಕೆ ಇಷ್ಟು ಬೆಲೆ ಬಂದದ್ದರ ಹಿಂದೆ ಬ್ರೆಜಿಲ್‌ನ ಸರ್ಜನ್ ಆಂಜೆಲಿಟಾ ಹಾಬರ್-ಗಾಮಾ ಇದ್ದಾರೆ. ಚಿಕಿತ್ಸೆಯಿಂದಲೇ ಗಡ್ಡೆ ಮಾಯವಾಗಿದ್ದರೆ ಕೊಯ್ಯೋದ್ಯಾಕೆ ಅಂತ ಕೇಳಿದವರು ಅವರು. 2004ರ ವರದಿಯಲ್ಲಿ, 265 ಜನರ ಪೈಕಿ ಗಡ್ಡೆ ಕಾಣದಂತಾದ 71 ಜನಕ್ಕೆ ಆಪರೇಷನ್ ಮಾಡದೆ ನಿಗಾ ಇಟ್ಟಿದ್ದನ್ನು ತೋರಿಸಿದರು. ಈಗಲೂ ಆ ತೀರ್ಮಾನ ಬೆರಳು ಪರೀಕ್ಷೆ, ಸ್ಕೋಪು, ಎಂಆರ್‌ಐ ಮೇಲೆಯೇ ನಿಂತಿದೆ. ಚಿಕಿತ್ಸೆ ಆದಮೇಲೂ ರಕ್ತದಲ್ಲಿ ಗಡ್ಡೆಯ ಡಿಎನ್ಎ ಉಳಿದರೆ ಎಚ್ಚರಿಕೆ. ಆದರೆ ಅದು ಸಿಗಲಿಲ್ಲ ಅಂದಮಾತ್ರಕ್ಕೆ ಗಡ್ಡೆ ಹೋಯ್ತು ಅಂತಲ್ಲ.

ಮೂವತ್ತು ವರ್ಷ ಬೀಡಿ ಸೇದಿದ ಮಾವನ ಸಿಇಎ 9ರಿಂದ 3ಕ್ಕೆ ಇಳಿದಿತ್ತು. ಮನೆಯವರೆಲ್ಲ ಗೆದ್ದೆವು ಅಂದುಕೊಂಡೆವು. ಸ್ಕೋಪಲ್ಲಿ ಚೂರು ಉಳಿದಿತ್ತು. ಆಪರೇಷನ್ ಆಯ್ತು, ಚೀಲವೂ ಬಂತು. ಈಗ ಅದನ್ನು ಪಂಚೆಯೊಳಗೆ ಸೇರಿಸಿ ಗದ್ದೆ ಬದುವಿನ ಮೇಲೆ ಓಡಾಡ್ತಾರೆ.

ಮೂರು ತಿಂಗಳಿಗೊಮ್ಮೆ ರಿಪೋರ್ಟು ನನ್ನ ಮೊಬೈಲಿಗೆ ಬರುತ್ತೆ. ಅವತ್ತೇ ಮಾವನ ಫೋನ್: "ಎಷ್ಟ್ ಬಂತ್ಲಾ?"

"ಎರಡೂವರೆ, ಮಾವ."

"ಹೋದ್ಸಲ?"

ಈಗ ಅವರೂ ಸರಿಯಾದ ಪ್ರಶ್ನೆಯನ್ನೇ ಕೇಳ್ತಾರೆ.