ಗೀಸರ್ ಹಾಗೂ ಸೋಲಾರ್ ವಾಟರ್ ಹೀಟರ್‌ಗಳ ಥರ್ಮೋಸ್ಟಾಟ್ ಹೊಂದಾಣಿಕೆ: ಮೈಸೂರು ನಗರದ ಗ್ರಾಹಕರಿಗೆ ಮಾಹಿತಿ

ಮೈಸೂರು ನಗರದ ಗೃಹಬಳಕೆ ಗ್ರಾಹಕರಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಮೂಲಕ ಗೃಹಜ್ಯೋತಿ ಯೋಜನೆಯ ಸೌಲಭ್ಯವು 2023ರಿಂದ ದೊರೆಯುತ್ತಿದೆ. ಮಾಸಿಕ ಬಳಕೆಯು ಗ್ರಾಹಕರ ಅರ್ಹ ಯೂನಿಟ್‌ಗಳನ್ನು ಮೀರಿದಲ್ಲಿ ಹೆಚ್ಚುವರಿ ಯೂನಿಟ್‌ಗಳ ಶುಲ್ಕವನ್ನೂ, 200 ಯೂನಿಟ್‌ಗಳನ್ನು ಮೀರಿದಲ್ಲಿ ಪೂರ್ಣ ಬಿಲ್ಲನ್ನೂ ಗ್ರಾಹಕರೇ ಪಾವತಿಸಬೇಕಾಗುತ್ತದೆ. ಬಳಕೆಯು ಈ ಮಿತಿಯನ್ನು ದಾಟಲು ಸ್ನಾನದ ನೀರು ಕಾಯಿಸುವ ಸಾಧನವೂ ಕಾರಣವಾಗಬಹುದು.

ತೊಟ್ಟಿಯ ನೀರು ನಿಗದಿತ ಉಷ್ಣತೆಯನ್ನು ತಲುಪಿದಾಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿತಗೊಳಿಸಿ, ನೀರು ತಣಿದಾಗ ಪುನಃ ಜೋಡಿಸುತ್ತದೆ. 25 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 1 ಯೂನಿಟ್ ಬೇಕು. ಗುಂಡಿಯನ್ನು 50ಕ್ಕೆ ಇಳಿಸಿದ ಮಾತ್ರಕ್ಕೆ ದೊಡ್ಡ ಉಳಿತಾಯವಾಗುವುದೆಂದು ಭಾವಿಸಬಾರದು. ಕಡಿಮೆ ಬಿಸಿಯ ನೀರಿಗೆ ಬೆರೆಸುವ ತಣ್ಣೀರು ಕಡಿಮೆಯಾಗಿ, ಬಿಸಿನೀರು ಹೆಚ್ಚು ಖರ್ಚಾಗುತ್ತದೆ. ನಿಜವಾದ ನಷ್ಟವಿರುವುದು ಸ್ವಿಚ್ಚನ್ನು ದಿನವಿಡೀ ಚಾಲನೆಯಲ್ಲಿಡುವುದರಲ್ಲಿ.

ಸೋಲಾರ್ ವಾಟರ್ ಹೀಟರ್ ಇರುವ ಮನೆಗಳಲ್ಲಿ ಈ ನಷ್ಟವು ಗಮನಕ್ಕೆ ಬಾರದೆ ಬೆಳೆಯುತ್ತದೆ. ಬೆಳಗಿನ ಸ್ನಾನದ ನಂತರ ತೊಟ್ಟಿಗೆ ತಣ್ಣೀರು ತುಂಬಿಕೊಳ್ಳುತ್ತದೆ. ಒಳಗಿನ ವಿದ್ಯುತ್ ಕಾಯಿಲ್‌ನ ಸ್ವಿಚ್ ಹಾಕಿಯೇ ಇದ್ದಲ್ಲಿ, ಬಿಸಿಲು ಏರುವ ಮೊದಲೇ ಥರ್ಮೋಸ್ಟಾಟ್ ಆ ನೀರನ್ನು ಕಾಯಿಸಿಬಿಡುತ್ತದೆ. ಸೂರ್ಯನಿಗೆ ಕೆಲಸವೇ ಉಳಿಯುವುದಿಲ್ಲ. 100 ಲೀಟರ್‌ಗೆ ದಿನವೊಂದಕ್ಕೆ ಸುಮಾರು 4 ಯೂನಿಟ್, ಅಂದರೆ ತಿಂಗಳಿಗೆ 120 ಯೂನಿಟ್. ಇತರ ಬಳಕೆ 90 ಯೂನಿಟ್ ಇದ್ದಲ್ಲಿ ಒಟ್ಟು 210 ಆಗಿ, ಪೂರ್ಣ ಬಿಲ್ ಬರುತ್ತದೆ. ಆದುದರಿಂದ ಮೋಡ ಕವಿದ ದಿನಗಳಲ್ಲಿ ಮಾತ್ರ, ಸ್ನಾನಕ್ಕೆ ಮುನ್ನ ಅಗತ್ಯವಿರುವಷ್ಟು ಹೊತ್ತು ಕಾಯಿಲ್ ಬಳಸತಕ್ಕದ್ದು. ಟೈಮರ್ ಅಥವಾ ಮೊಬೈಲ್ ನಿಯಂತ್ರಣವುಳ್ಳ ಸಾಧನಗಳಲ್ಲಿ ಈ ಅವಧಿಯನ್ನೇ ನಮೂದಿಸಬಹುದು.

60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳು, ವೃದ್ಧರು ಇರುವ ಮನೆಗಳಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆನಂತರ ಬಿಸಿನೀರು ಬಿಡುವುದು ಕ್ಷೇಮಕರ. ಹಾಗೆಂದು ತೊಟ್ಟಿಯ ನೀರನ್ನು ಬಹುದಿನ ಉಗುರುಬೆಚ್ಚಗೆ ಇಡಲೂಬಾರದು. ಅಂತಹ ನೀರಿನಲ್ಲಿ ರೋಗಕಾರಕ ಸೂಕ್ಷ್ಮಜೀವಿಗಳು ಬೆಳೆಯುತ್ತವೆ.

ಹೊರಗುಂಡಿ ಇಲ್ಲದ ಗೀಸರ್‌ಗಳಲ್ಲಿ ಮುಚ್ಚಳ ತೆಗೆದು ಥರ್ಮೋಸ್ಟಾಟ್ ಹೊಂದಿಸುವ ಕೆಲಸವನ್ನು ಮುಖ್ಯ ಸ್ವಿಚ್ ಆರಿಸಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸತಕ್ಕದ್ದು.

ಬಿಲ್ ಏಕಾಏಕಿ ಏರಿದಲ್ಲಿ, ಮೀಟರ್ ದೋಷವೆಂದು ದೂರು ಸಲ್ಲಿಸುವ ಮೊದಲು ಹೀಟರ್ ಸ್ವಿಚ್ಚನ್ನು ಒಂದು ದಿನ ಆರಿಸಿಟ್ಟು, ಹಿಂದಿನ ದಿನದ ರೀಡಿಂಗ್‌ನೊಡನೆ ಹೋಲಿಸಿ ನೋಡುವುದು. ವ್ಯತ್ಯಾಸ ಕಾಣದಿದ್ದಲ್ಲಿ ಆರ್.ಆರ್. ಸಂಖ್ಯೆಯೊಂದಿಗೆ 1912ಕ್ಕೆ ಕರೆ ಮಾಡಬಹುದು ಅಥವಾ ಸಂಬಂಧಪಟ್ಟ ಉಪವಿಭಾಗ ಕಚೇರಿಯಲ್ಲಿ ಲಿಖಿತ ದೂರು ಸಲ್ಲಿಸಬಹುದು.