ಕಂಕನಾಡಿಯ ಔಷಧ ಪೆಟ್ಟಿಗೆ

ಶತಮಾನೋತ್ಸವದ ಸಂಚಿಕೆಗಳಲ್ಲಿ ಗೋಪುರ, ಗಂಟೆ, ಬಲಿಪೀಠಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅವಕ್ಕೆ ಲೆಕ್ಕಪತ್ರಗಳುಂಟು. ಜ್ಞಾನಸ್ನಾನ, ವಿವಾಹ, ಮರಣಗಳಿಗೂ ದಾಖಲೆ ಪುಸ್ತಕಗಳುಂಟು. ಕರುಣೆಗೆ ಮಾತ್ರ ಯಾವ ದೇವಾಲಯದಲ್ಲಿಯೂ ಅಂತಹ ಪುಸ್ತಕವನ್ನು ನಾವು ಕಂಡಿಲ್ಲ.

ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳ ಆರೈಕೆ, ಸೆರೆಯಾಳುಗಳ ಭೇಟಿ: ಈ ಆರು ಕರುಣಾಕಾರ್ಯಗಳು ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿವೆ. ಮೃತರನ್ನು ಸಮಾಧಿ ಮಾಡುವುದೆಂಬ ಏಳನೆಯದಕ್ಕೆ ತೊಬಿತನ ಗ್ರಂಥವು ಆಧಾರ. ಜ್ಞಾನೋಪದೇಶದ ತರಗತಿಯಲ್ಲಿ ಇವನ್ನು ಬಾಯಿಪಾಠ ಒಪ್ಪಿಸಿದವರು ನಮ್ಮಲ್ಲಿ ಅನೇಕರು. ಒಪ್ಪಿಸುವುದೇನೋ ಸುಲಭ!

1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ವಂದನೀಯ ಸ್ವಾಮಿ ಆಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಅವರು ಕಂಕನಾಡಿಯ ಆಲದ ಮರದಡಿಯಲ್ಲಿ ಹೋಮಿಯೋಪಥಿಯ ಪೆಟ್ಟಿಗೆಯನ್ನಿಟ್ಟುಕೊಂಡು ಬಡವರಿಗೆ ಔಷಧ ಕೊಡತೊಡಗಿದರು. ಆ ವೈದ್ಯಪದ್ಧತಿಯ ಗುಣದೋಷಗಳನ್ನು ವೈದ್ಯರು ಚರ್ಚಿಸಿಕೊಳ್ಳಲಿ. ನಮಗೆ ಮುಖ್ಯವಾದುದು, ಆ ಪೆಟ್ಟಿಗೆ ಮತ್ತೆ ಮುಚ್ಚಲಿಲ್ಲವೆಂಬುದು. ಕುಷ್ಠರೋಗಿಯ ನೆರಳಿಗೂ ಜನ ಅಂಜುತ್ತಿದ್ದ ಆ ಕಾಲದಲ್ಲಿ, 1890ರಲ್ಲಿ, ಅಂತಹವರಿಗಾಗಿಯೇ ಆಶ್ರಮವೊಂದು ಎದ್ದಿತು. 1902ರಲ್ಲಿ ಪ್ಲೇಗಿನ ರೋಗಿಗಳಿಗೂ ಆಸ್ಪತ್ರೆಯಾಯಿತು.

ಇದಕ್ಕೆಲ್ಲ ಹಣವೆಲ್ಲಿಂದ ಬಂತು? ದಾನಿಗಳು ಕೊಟ್ಟರು, ನಿಜ. ಆದರೆ ದಾನವನ್ನೇ ನೆಚ್ಚಿ ಅವರು ಕೂರಲಿಲ್ಲ. ಔಷಧಗಳನ್ನು ಸಿದ್ಧಪಡಿಸಿ, ಅಂಚೆಯ ಮೂಲಕ ದೇಶದ ನಾನಾ ಕಡೆಗೆ ಮಾರಿ, ಬಂದ ಹಣದಿಂದ ಬಡವರ ಚಿಕಿತ್ಸೆಯನ್ನು ನಡೆಸಿದರು. ಸೀಸೆ ತುಂಬುವುದು, ಚೀಟಿ ಅಂಟಿಸುವುದು, ಪೊಟ್ಟಣ ಕಟ್ಟುವುದು, ವಿಳಾಸ ಬರೆಯುವುದು. ಕರುಣೆಯ ಚರಿತ್ರೆಯ ಬಹುಪಾಲು ಇಂತಹ ಬೇಸರದ ಕೆಲಸವೇ ಎಂದು ನಮಗೆ ತೋರುತ್ತದೆ. ಮೂವತ್ತು ವರ್ಷಗಳ ಈ ದುಡಿಮೆಯ ಬಳಿಕ, 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ ಅವರು ದೈವಾಧೀನರಾದರು. ಅವರ ಹೆಸರಿನ ಆ ಸಂಸ್ಥೆಯಲ್ಲಿ 1999ರಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಯಿತು.

ಜಗದ್ಗುರು ಫ್ರಾನ್ಸಿಸರು 2015ರ ಡಿಸೆಂಬರಿನಿಂದ 2016ರ ನವೆಂಬರಿನವರೆಗೆ ಕರುಣೆಯ ಜುಬಿಲಿ ವರ್ಷವನ್ನು ಘೋಷಿಸಿದಾಗ ಪವಿತ್ರ ದ್ವಾರಗಳನ್ನು ದಾಟಲು ನಾವೆಲ್ಲರೂ ಉತ್ಸಾಹದಿಂದ ಹೋದೆವು. ಹಾಸಿಗೆ ಹಿಡಿದ ನೆರೆಯವರ ಹೊಸ್ತಿಲನ್ನು ದಾಟಿದವರು ಅಷ್ಟು ಮಂದಿ ಇರಲಾರರು. ಮಕ್ಕಳು ಗಲ್ಫಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರಲು, ಇಲ್ಲಿ ಒಂಟಿಯಾಗಿ ಉಳಿದ ವೃದ್ಧರ ಮನೆಗಳು ಯಾವುವೆಂದು ಪ್ರತಿ ವಾರ್ಡಿನ ಗುರ್ಕಾರರಿಗೆ ತಿಳಿದೇ ಇದೆ. ಉತ್ಸವದ ಭೋಜನದ ಮೊದಲ ಪಾಲು ಆ ಮನೆಗಳಿಗೆ ತಲುಪಬೇಕೆಂದೂ, ಒಯ್ದವರು ಪಾತ್ರೆಯನ್ನಿಟ್ಟು ಓಡಿಬಾರದೆ ಅರ್ಧ ಗಂಟೆಯಾದರೂ ಅಲ್ಲಿ ಕುಳಿತು ಮಾತನಾಡಬೇಕೆಂದೂ ಗುರ್ಕಾರರನ್ನು ಕೇಳಿಕೊಂಡಿದ್ದೇವೆ.