ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ): 2007ರಿಂದ 2025ರವರೆಗೆ ಬೆಂಗಳೂರಿನ ಆಡಳಿತ ನಡೆಸಿದ ಸ್ಥಳೀಯ ಸಂಸ್ಥೆ. ಹಿಂದಿನ ಪಾಲಿಕೆಯ 100 ವಾರ್ಡುಗಳು, 7 ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಗ್ರಾಮಗಳನ್ನು ಸೇರಿಸಿ ರಚಿತವಾಯಿತು. ಕಸ ವಿಲೇವಾರಿ, ರಸ್ತೆ, ಬೀದಿದೀಪ, ರಾಜಕಾಲುವೆ, ಕೆರೆಗಳ ನಿರ್ವಹಣೆ ಇದರ ಮುಖ್ಯ ಹೊಣೆಯಾಗಿತ್ತು. ಆಸ್ತಿ ತೆರಿಗೆ ಪ್ರಧಾನ ಸ್ವಂತ ವರಮಾನವಾಗಿತ್ತು. ನೀರು ಮತ್ತು ಒಳಚರಂಡಿ ಜಲಮಂಡಳಿಗೆ, ಮಹಾಯೋಜನೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ), ಬಸ್ ಸಾರಿಗೆ ಬಿಎಂಟಿಸಿಗೆ ಸೇರಿದ್ದರಿಂದ ನಗರದ ಬೆಳವಣಿಗೆಯನ್ನು ಒಟ್ಟಾಗಿ ನಿಭಾಯಿಸುವ ಅಧಿಕಾರ ಪಾಲಿಕೆಗೆ ಎಂದೂ ದಕ್ಕಲಿಲ್ಲ. ಸೇರ್ಪಡೆಯಾದ ಗ್ರಾಮಗಳಿಗೆ ಕುಡಿಯುವ ನೀರು ಒದಗಿಸಲೆಂದು ರೂಪಿಸಿದ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರಲ್ಲಿ. ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ ಆಡಳಿತಾಧಿಕಾರಿಗಳ ಆಳ್ವಿಕೆಯಿತ್ತು. 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳು ಇದರ ಸ್ಥಾನಕ್ಕೆ ಬಂದವು.